ದೇಹ ಸಿಕ್ಕಿದ್ದು ಯಾರಿಗೆ?

ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಪುಟ್ಟ ಕಲ್ಲಿದೆ. ಟಿಪ್ಪು ಸುಲ್ತಾನನ ದೇಹ ಸಿಕ್ಕಿದ್ದು ಇಲ್ಲಿ ಎಂಬರ್ಥದ ಒಂದೇ ಒಂದು ಇಂಗ್ಲಿಷ್ ಸಾಲು ಅದರ ಮೇಲಿದೆ. ಟೂರಿಸ್ಟ್ ಬಸ್ಸುಗಳು ಅಲ್ಲಿ ಐದು ನಿಮಿಷ ನಿಲ್ಲುತ್ತವೆ. ವಸ್ತುಸಂಗ್ರಹಾಲಯಗಳಿಗೆ ವಿವರಣಾ ಫಲಕ ಬರೆಯುವುದು, ಬಂದವರನ್ನು ಸುತ್ತಾಡಿಸಿ ಕತೆ ಹೇಳುವುದು ನನ್ನ ಕೆಲಸ. ಆ ಸಾಲನ್ನು ಕನ್ನಡದಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: “ಸಿಕ್ತು ಅಂದ್ರೆ, ಯಾರಿಗೆ ಸರ್?”

ಇಂಗ್ಲಿಷಿನಲ್ಲಿ ಈ ಪ್ರಶ್ನೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಅಲ್ಲಿನ ಕರ್ಮಣಿ ಪ್ರಯೋಗ ಕರ್ತೃವನ್ನು ಮರೆಮಾಡಿ ಮುಂದೆ ಹೋಗುತ್ತದೆ. ಕನ್ನಡದ ‘ಸಿಕ್ಕಿತು’ ಹಾಗಲ್ಲ. ಅದರ ಬೆನ್ನಿಗೆ ಚತುರ್ಥಿ ವಿಭಕ್ತಿ ಕಾದು ಕೂತಿರುತ್ತದೆ. ಏನಾದರೂ ಸಿಕ್ಕಿದೆ ಎಂದರೆ ಯಾರಿಗೋ ಸಿಕ್ಕಿರಲೇಬೇಕು. ಆ ಹುಡುಗಿ ವ್ಯಾಕರಣದ ಪ್ರಶ್ನೆ ಕೇಳಿದ್ದಳು. ನಾನು ಮಾತ್ರ ಅಷ್ಟು ವರ್ಷ ಆ ಸಾಲನ್ನು ಅನುವಾದಿಸಿದ್ದೆನೇ ಹೊರತು ಓದಿರಲಿಲ್ಲ.

1799ರ ಮೇ 4ರ ಮಧ್ಯಾಹ್ನ ಕಂಪನಿಯ ಸೈನ್ಯ ಕಾವೇರಿಯನ್ನು ದಾಟಿ, ಕೋಟೆ ಒಡೆದಿದ್ದ ಕಡೆಯಿಂದ ಒಳನುಗ್ಗಿತು. ಕತ್ತಲಾದ ಮೇಲೆ ಸುಲ್ತಾನನಿಗಾಗಿ ಹುಡುಕಾಟ ಶುರುವಾಯಿತು. ಹುಡುಕಾಟದಲ್ಲಿದ್ದ ಮೇಜರ್ ಅಲನ್ ಬರೆದಿಟ್ಟಿರುವ ಪ್ರಕಾರ, ಅವರನ್ನು ಬಾಗಿಲಿನವರೆಗೆ ಕರೆದೊಯ್ದವನು ಮೈಸೂರಿನ ಕಿಲ್ಲೇದಾರ. ಹೆಣಗಳ ರಾಶಿ, ಕತ್ತಲು; ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಪಲ್ಲಕ್ಕಿಯ ಕೆಳಗೆ ಗಾಯಗೊಂಡು ಬಿದ್ದಿದ್ದ ರಾಜಾಖಾನ್ ಎಂಬ ಸೇವಕ ತನ್ನ ದೊರೆ ಬಿದ್ದ ಜಾಗವನ್ನು ತೋರಿಸಿದ. ಜೀವ ಇದೆಯೇನೋ ಎಂಬ ಅನುಮಾನದಿಂದ ಅಲನ್ ಮತ್ತು ವೆಲ್ಲೆಸ್ಲಿ ನಾಡಿ, ಎದೆ ಮುಟ್ಟಿ ನೋಡಿದರು.

ಅಂದರೆ ದೇಹ ‘ಸಿಕ್ಕಿದ್ದು’ ಕಂಪನಿಗೆ. ರಾಜಾಖಾನನಿಗೆ ಅದು ಕಳೆದೇ ಹೋಗಿರಲಿಲ್ಲ. ಕಲ್ಲಿನ ಆ ಒಂದು ಸಾಲು ನಮ್ಮೆಲ್ಲರನ್ನೂ, ಮಂಡ್ಯದಿಂದ ಬಂದ ಶಾಲೆಯ ಮಕ್ಕಳನ್ನೂ, ದೀಪ ಹಿಡಿದು ಹುಡುಕುತ್ತಿದ್ದ ಅಧಿಕಾರಿಗಳ ಪಕ್ಕದಲ್ಲಿ ನಿಲ್ಲಿಸಿಬಿಡುತ್ತದೆ. ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳ ನಾಟಕ ಬರೆದಾಗ ಆಸ್ಥಾನದ ಕಿರ್ಮಾನಿಯನ್ನೂ ಕಂಪನಿಯ ಮೆಕೆಂಜಿಯನ್ನೂ ಎದುರುಬದುರು ತಂದರು. ಇಬ್ಬರು ಇತಿಹಾಸಕಾರರಿದ್ದಾಗ ನೋಡುವವನಿಗೆ ತಾನು ಯಾರ ಮಾತು ಕೇಳುತ್ತಿದ್ದೇನೆ ಎಂಬ ಎಚ್ಚರ ಇರುತ್ತದೆ. ಕಲ್ಲಿಗೆ ಆ ಅನುಕೂಲವಿಲ್ಲ.

ಕೋಟೆ ಒಡೆದ ಜಾಗದ ಬಳಿಯ ಸ್ಮಾರಕ ಸ್ತಂಭದ್ದು ಇನ್ನೊಂದು ಕತೆ. ಅದರ ಮೇಲೆ ಇರುವುದು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರುಗಳು. ಇದನ್ನು ಲಂಡನ್ನಿನವರು ನಿಲ್ಲಿಸಿದ್ದೆಂದು ಬಹಳ ಜನ ಅಂದುಕೊಳ್ಳುತ್ತಾರೆ. ನಿಲ್ಲಿಸಿದ್ದು ಮೈಸೂರು ಸರ್ಕಾರ, 1907ರಲ್ಲಿ. ಇದನ್ನು ಹೇಳಿದಾಗ ಗುಂಪಿನಲ್ಲಿ ಯಾರಾದರೊಬ್ಬರು ನಗುತ್ತಾರೆ, ಇನ್ನೊಬ್ಬರಿಗೆ ಸಿಟ್ಟು ಬರುತ್ತದೆ.

ಈ ಊರಿನಲ್ಲಿ ಯುದ್ಧದ ಬಗೆಗಿನ ಅತ್ಯುತ್ತಮ ಪಠ್ಯ ಯಾವುದು ಎಂದರೆ ನಾನು ದರಿಯಾ ದೌಲತ್ತಿನ ಪಶ್ಚಿಮ ಗೋಡೆಯನ್ನು ತೋರಿಸುತ್ತೇನೆ. 1780ರ ಪೊಳ್ಳಿಲೂರು ಕಾಳಗದ ಭಿತ್ತಿಚಿತ್ರ ಅದು. ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಮುದುಡಿ ಕುಳಿತಿದ್ದಾನೆ. ಅವನ ಸೈನ್ಯದ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಇತ್ತ ಟಿಪ್ಪು ಗುಲಾಬಿ ಮೂಸುತ್ತಿದ್ದಾನೆ, ಯುದ್ಧಕ್ಕಲ್ಲ, ಸಂಜೆ ತೋಟಕ್ಕೆ ಹೊರಟವನ ಹಾಗೆ. ಚಿತ್ರ ಪಕ್ಷಪಾತಿ, ಅದನ್ನು ಮುಚ್ಚಿಡುವುದೂ ಇಲ್ಲ. ಯಾರು ಬರೆಸಿದರು, ಯಾರಿಗೆ ಹೆಮ್ಮೆ ಎಂಬುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಆದ್ದರಿಂದಲೇ ಅದು ಕಲ್ಲಿನ ಸಾಲಿಗಿಂತ ಪ್ರಾಮಾಣಿಕ.

ಸ್ವಾರಸ್ಯ ಅಲ್ಲಿಗೆ ಮುಗಿಯುವುದಿಲ್ಲ. ಟಿಪ್ಪು ಸತ್ತ ಮೇಲೆ ಆ ಅರಮನೆಯಲ್ಲಿ ವಾಸವಿದ್ದ ವೆಲ್ಲೆಸ್ಲಿ, ಅಳಿಸಿಹೋಗಿದ್ದ ಚಿತ್ರವನ್ನು ಮತ್ತೆ ಬರೆಸಿದ. ಮುಂದೆ ಅದು ಮತ್ತೆ ಹಾಳಾದಾಗ ಡಾಲ್‌ಹೌಸಿ ಬರೆಸಿದ. ಸೋತವರೇ ತಮ್ಮ ಸೋಲಿನ ಚಿತ್ರವನ್ನು ಎರಡು ಸಲ ಯಾಕೆ ಉಳಿಸಿಕೊಂಡರು? ಕಲಾಭಿಮಾನ ಸ್ವಲ್ಪ ಇದ್ದಿರಬಹುದು. ಆದರೆ 1799ರ ನಂತರ ಆ ಗೋಡೆಯ ಅರ್ಥ ತಿರುಗಿಬಿಟ್ಟಿತ್ತು ಎಂದು ನನ್ನ ಓದು. ಪೊಳ್ಳಿಲೂರಿನ ಅವಮಾನ ದೊಡ್ಡದಾದಷ್ಟೂ ಶ್ರೀರಂಗಪಟ್ಟಣದ ಗೆಲುವು ದೊಡ್ಡದು. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಇದೇ ಊರಿನಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದ ಡೇವಿಡ್ ಬೇರ್ಡ್‌ನೇ ಕೊನೆಯ ದಾಳಿಯ ಮುಂದಾಳು.

ಇಷ್ಟೆಲ್ಲ ಹೇಳಿ ನನ್ನ ಜಾಣತನದ ಬಗ್ಗೆ ನನಗೇ ಮೆಚ್ಚುಗೆ ಹುಟ್ಟುತ್ತಿದ್ದ ಒಂದು ದಿನ, ಬೇಲಿಯ ಹೆಸರಿನ ಸೆರೆಮನೆಯೆದುರು ಕೊಡಗಿನ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: “ಇಂಗ್ಲಿಷಿನವರನ್ನು ಕೂಡಿಹಾಕಿದ ಜಾಗ ತೋರಿಸಿದಿರಿ. ನಮ್ಮವರನ್ನು ಎಲ್ಲಿಟ್ಟಿದ್ದರು?”

ಟಿಪ್ಪು ಕೊಡವರನ್ನು ಸೆರೆಹಿಡಿದು ತಂದದ್ದು ನಿಜ. ಅವನದೇ ಪತ್ರಗಳಲ್ಲಿ ಅದರ ಮಾತಿದೆ, ಸಂಖ್ಯೆಯ ಬಗ್ಗೆ ಮಾತ್ರ ಇತಿಹಾಸಕಾರರಲ್ಲಿ ಜಗಳವಿದೆ. ಕರಾವಳಿಯ ಕ್ರೈಸ್ತರನ್ನೂ ಇಲ್ಲಿಗೇ ನಡೆಸಿ ತಂದರು. 1782ರಲ್ಲಿ ಸೆರೆಯಲ್ಲೇ ಸತ್ತ ಒಬ್ಬ ಕರ್ನಲನ ಹೆಸರು ಒಂದು ಕಟ್ಟಡಕ್ಕಿದೆ. ಇವರಿಗೆ ನಾನು ತೋರಿಸುವಂಥ ಒಂದು ಕಲ್ಲೂ ಇರಲಿಲ್ಲ. ಹಾಗೆಂದೇ ಹೇಳಿದೆ. ಅವರು ತಲೆಯಾಡಿಸಿದರು, ವಾದಿಸಲಿಲ್ಲ. ವಾದಿಸಿದ್ದರೆ ನನಗೆ ಹಗುರವಾಗುತ್ತಿತ್ತು. ವೀರನೋ ಕ್ರೂರಿಯೋ ಎಂದು ಕೂಗಾಡುವವರಿಗೆ ನನ್ನ ಬಳಿ ಸಿದ್ಧ ಉತ್ತರಗಳಿವೆ.

ಆ ರಾತ್ರಿ ಹಳೆಯ ಕಡತ ತೆಗೆದು, ಪ್ರದರ್ಶನವೊಂದಕ್ಕೆ ನಾನೇ ಬರೆದಿದ್ದ ಫಲಕವನ್ನು ಓದಿದೆ. ಅರುವತ್ತು ಪದಗಳ ಮಿತಿ. ‘ಸೆರೆಯಾಳುಗಳನ್ನು ಇರಿಸಲಾಗಿತ್ತು’ ಎಂದಿತ್ತು. ಯಾರು ಇರಿಸಿದರು, ಯಾರನ್ನು, ಎಲ್ಲಿಂದ ತಂದು? ‘ಲಾಗಿತ್ತು’ ಎಲ್ಲವನ್ನೂ ನುಂಗಿತ್ತು. ಕಲ್ಲಿನ ಇಂಗ್ಲಿಷನ್ನು ಆಡಿಕೊಳ್ಳುತ್ತಿದ್ದವನು ಅದೇ ಕೆಲಸವನ್ನು ಅಚ್ಚಗನ್ನಡದಲ್ಲಿ ಮಾಡಿದ್ದೆ. ತಿದ್ದಿ ಕಳಿಸಿದೆ. ಪದಗಳು ಎಂಬತ್ತೆರಡಾದವು. ಮಿತಿ ಮೀರಿದೆ ಎಂದು ವಾಪಸ್ ಬಂತು.

ಈಗ ಗುಂಪು ಬಂದರೆ ನಾನು ಸೆರೆಮನೆಯಿಂದ ಶುರುಮಾಡುತ್ತೇನೆ, ಕೊಡಗಿನವರ, ಕರಾವಳಿಯವರ ಮಾತು ಮುಗಿಸಿಯೇ ಬೇಲಿಯ ಹೆಸರೆತ್ತುತ್ತೇನೆ. ಆಮೇಲೆ ಗೋಡೆಯ ಚಿತ್ರ, ಸ್ತಂಭ. ಆ ಪುಟ್ಟ ಕಲ್ಲು ಕೊನೆಗೆ. ಅಲ್ಲಿ ರಾಜಾಖಾನನ ಹೆಸರನ್ನು ಮೊದಲು ಹೇಳುತ್ತೇನೆ. ಡ್ರೈವರ್ ಹಾರ್ನ್ ಹೊಡೆಯುವುದರೊಳಗೆ ಅಷ್ಟಕ್ಕೆ ಸಮಯ ಸಾಕಾಗುತ್ತದೆ.