ಕೂಲಿ ಕೊಡುವ ಕೈ, ಓಟು ಹಾಕುವ ಕೈ

ಹಸಿದ ಹೊಟ್ಟೆಗೆ ಪ್ರಜಾಪ್ರಭುತ್ವ ತಿಳಿಯೋದಿಲ್ಲ, ಅದು ಉಂಡವರ ಮಾತು ಎಂಬ ವಾದ ನಮ್ಮ ವಿದ್ಯಾವಂತರಲ್ಲಿ ಬಹಳ ಹಳೆಯದು. ಬಡವರು ಓಟು ಮಾರಿಕೊಳ್ಳುತ್ತಾರೆ, ಅಕ್ಕಿ ಕೊಟ್ಟವರ ಹಿಂದೆ ಹೋಗುತ್ತಾರೆ, ಯಾರೋ ಒಬ್ಬ ಗಟ್ಟಿ ಆಳು ಬಾರಕೋಲು ಹಿಡಿದು ಬಂದರೆ ಮೊದಲು ಕೈಮುಗಿಯುವವರು ಅವರೇ ಎಂದು ಹೇಳುವವರು ಬೆಂಗಳೂರಿನಲ್ಲೂ ಇದ್ದಾರೆ, ಗಂಗಾವತಿಯಲ್ಲೂ ಇದ್ದಾರೆ. ಈ ಮಾತಿಗೆ ಈಗ ಹೊರದೇಶದ ಸಮೀಕ್ಷೆಗಳ ಬೆಂಬಲವೂ ಸಿಕ್ಕಿದೆ. ಅದನ್ನು ಸಿದ್ದಾಪುರದ ಕಾಲುವೆ ದಂಡೆಯ ಮೇಲೆ ನಿಂತು ಒರೆಗೆ ಹಚ್ಚಿ ನೋಡಬೇಕಾಗಿದೆ.

1989ರಿಂದ 1991ರವರೆಗೆ ಪೂರ್ವ ಯುರೋಪಿನ ಮತ್ತು ಸೋವಿಯತ್ ಒಕ್ಕೂಟದ ಕಮ್ಯುನಿಸ್ಟ್ ಸರ್ಕಾರಗಳು ಒಂದೊಂದಾಗಿ ಬಿದ್ದವು. ಹಲವು ಪಕ್ಷಗಳ ಪದ್ಧತಿ ಬಂದದ್ದು ಸರಿಯೇ ಎಂದು 1991ರಲ್ಲಿ ಕೇಳಿದಾಗ ಉಕ್ರೇನಿನಲ್ಲಿ ನೂರಕ್ಕೆ 72 ಮಂದಿ ಸರಿ ಅಂದರು. 2009ರಲ್ಲಿ ಪ್ಯೂ ಸಂಸ್ಥೆ ಅದನ್ನೇ ಕೇಳಿದಾಗ ಸರಿ ಅಂದವರು 30 ಮಂದಿ. ಪೋಲೆಂಡಿನಲ್ಲಿ 66 ಇದ್ದದ್ದು 70 ಆಯಿತು. ಇದರಿಂದ ಕೆಲವು ಪಂಡಿತರು ತೆಗೆದ ತೀರ್ಮಾನ ಸರಳ: ಜನರ ಆದಾಯ ಏರಿದರೆ ಪ್ರಜಾಪ್ರಭುತ್ವದ ಮೇಲಿನ ಪ್ರೀತಿ ಏರುತ್ತದೆ, ಇಳಿದರೆ ಇಳಿಯುತ್ತದೆ.

ಇದು ಅರ್ಧ ಸತ್ಯ. ರಷ್ಯಾದಲ್ಲಿ 1992ರ ಜನವರಿಯಲ್ಲಿ ಬೆಲೆಗಳ ಮೇಲಿನ ಹಿಡಿತ ಬಿಟ್ಟರು. ಒಂದೇ ವರ್ಷದಲ್ಲಿ ಬೆಲೆ ಇಪ್ಪತ್ತು ಪಟ್ಟಿಗೂ ಮೀರಿ ಏರಿತು. ದುಡಿದು ಕೂಡಿಟ್ಟವರ ಹಣ ಕರಗಿ ನೀರಾಯಿತು. ಕಾರ್ಖಾನೆಗಳಲ್ಲಿ ನಿಮಗೂ ಪಾಲು ಎಂದು ಜನರಿಗೆ ಚೀಟಿ ಹಂಚಿದರು. 1995ರಲ್ಲಿ ಸರ್ಕಾರಕ್ಕೆ ಸಾಲ ಕೊಟ್ಟ ನೆಪದಲ್ಲಿ ಎಣ್ಣೆಯ, ಲೋಹದ ದೊಡ್ಡ ದೊಡ್ಡ ಕಂಪನಿಗಳನ್ನು ಬೆರಳೆಣಿಕೆಯ ಸಾಹುಕಾರರು ನುಂಗಿದರು. ಇಷ್ಟೆಲ್ಲ ನಡೆದದ್ದು ಪ್ರಜಾಪ್ರಭುತ್ವದ ಹೆಸರಿನಲ್ಲಿ. ಜನ ಬೇಸತ್ತದ್ದು ಆ ಲೂಟಿಗೆ. ಆ ಬೇಸರದ ಬೆನ್ನೇರಿ 2000ದಲ್ಲಿ ಪುಟಿನ್ ಅಧ್ಯಕ್ಷರಾದರು. ದೇಶದ ಆದಾಯ ಎಷ್ಟು ಎಂದಷ್ಟೇ ಕೇಳುವ ಪಂಡಿತರು, ಅದು ಯಾರ ಕೈ ಸೇರಿತು ಎಂದು ಕೇಳುವುದಿಲ್ಲ.

ನಮ್ಮ ಭಾಗದಲ್ಲೂ ಒಂದು ಆಳ್ವಿಕೆ ಬಿತ್ತು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ರಾಜ್ಯ ಮುಗಿಯಿತು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. 1949ರಲ್ಲಿ ಜಹಗೀರುಗಳು ರದ್ದಾದವು. 1952ರಲ್ಲಿ ಓಟಿನ ಪೆಟ್ಟಿಗೆ ಬಂತು. ಜಹಗೀರುದಾರ ಹೋದ, ಊರಿನ ಗೌಡಿಕಿ, ಕುಲಕರ್ಣಿಕಿ, ಸಾಹುಕಾರಿಕಿ ಹೋಗಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ಎಡದಂಡೆ ಕಾಲುವೆ ಹರಿದ ಕಡೆ ಗಂಗಾವತಿ, ಕಾರಟಗಿ, ಸಿದ್ದಾಪುರದ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕರಾವಳಿಯಿಂದ ಬಂದವರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು. ರೈಸ್ ಮಿಲ್ಲುಗಳು ಎದ್ದವು. ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು ಮಾತ್ರ ಬಹುಪಾಲು ಭೂಮಿ ಇಲ್ಲದವರಾಗಿಯೇ ಉಳಿದರು. ಅತ್ತ ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯವರು ಗುಳೆ ಹೊರಟರು.

ಪಂಡಿತರ ಲೆಕ್ಕ ನಿಜವಾಗಿದ್ದರೆ ನೀರು ಕಂಡ ಕಡೆ ಸಮಾನತೆ ಬೆಳೆಯಬೇಕಿತ್ತು. ಒಣ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತರ ಎರಡು ವರ್ಷದ ಕೂಸು ಗುಡಿಯೊಳಗೆ ಕಾಲಿಟ್ಟಿತೆಂದು ಆ ಮನೆಯವರಿಗೆ ದಂಡ ಹಾಕಿದರು. ನೀರಾವರಿಯ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮೇಲೆ ಬಿದ್ದು ಹೊಡೆದರು, ಗುಡಿಸಲುಗಳಿಗೆ ಬೆಂಕಿ ಇಟ್ಟರು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ಕೇಳಿದ್ದೇ ಅವರ ತಪ್ಪಾಗಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳೇ ಹೈಕೋರ್ಟು ಅವರಲ್ಲಿ ಬಹಳ ಮಂದಿಗೆ ಜಾಮೀನು ಕೊಟ್ಟಿತು. ಈ ಹತ್ತು ವರ್ಷ ಸಂವಿಧಾನವನ್ನು ನೆಚ್ಚಿ ಕೂತವರು ಯಾರು? ಉಂಡವರೇನು? ಹಸಿದವರಿಗೆ ಪ್ರಜಾಪ್ರಭುತ್ವ ಬೇಡ ಅನ್ನುವವರು ಮರಕುಂಬಿಯ ಕೇರಿಗೆ ಹೋಗಿ ಈ ಮಾತು ಹೇಳಲಿ.

ಬಡವರ ವಿರುದ್ಧ ಎತ್ತುವ ಇನ್ನೊಂದು ಸಾಕ್ಷಿ 1977ರದು. ತುರ್ತುಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಯವರನ್ನು ಉತ್ತರ ಭಾರತ ಸೋಲಿಸಿತು. ಕರ್ನಾಟಕ 28ರಲ್ಲಿ 26 ಲೋಕಸಭಾ ಸ್ಥಾನಗಳನ್ನು ಅವರ ಪಕ್ಷಕ್ಕೇ ಕೊಟ್ಟಿತು. ನೋಡಿ, ಇವರಿಗೆ ಸರ್ವಾಧಿಕಾರವೇ ಇಷ್ಟ ಅಂದರು. ಆದರೆ ಉತ್ತರದ ಜನ ಕಂಡ ಕ್ರೌರ್ಯವನ್ನು ಇಲ್ಲಿನವರು ಅಷ್ಟಾಗಿ ಕಂಡಿರಲಿಲ್ಲ. ಇಲ್ಲಿ ಅವರು ಕಂಡದ್ದು ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣೆ, ವಕೀಲರಿಗೆ ಪ್ರವೇಶವಿಲ್ಲದ ಭೂನ್ಯಾಯಮಂಡಳಿ, ಜೀತ ರದ್ದು, ಋಣ ಪರಿಹಾರ. ಗೇಣಿದಾರ ಏಳನೇ ನಮೂನೆಯ ಅರ್ಜಿ ಹಿಡಿದು ಧಣಿಯ ಎದುರಿಗೆ ನಿಂತ. ಆ ಓಟು ಬಿದ್ದದ್ದು ಆ ಅರ್ಜಿಗೆ. ಜೈಲಿಗೆ, ಸೆನ್ಸಾರಿಗೆ ಅಲ್ಲ. ಹಾಗೆಂದು ತುರ್ತುಪರಿಸ್ಥಿತಿಯನ್ನು ಒಪ್ಪಬೇಕಾಗಿಲ್ಲ. ಮೇಲಿನಿಂದ ಕೊಟ್ಟದ್ದನ್ನು ಕೇಳಿ ಪಡೆಯುವ ಬಾಯನ್ನೇ ಅದು ಮುಚ್ಚಿತ್ತು. ಇನ್ನೂ ಒಂದು ಮಾತನ್ನು ನಾವೇ ಹೇಳಬೇಕು: ಏಳನೇ ನಮೂನೆ ಗೇಣಿದಾರನಿಗೆ ಸಿಕ್ಕಿತು, ಕೂಲಿಯವನಿಗೆ ಸಿಗಲಿಲ್ಲ. ಗೇಣಿಯೇ ಇಲ್ಲದ ಹೊಲೆಯ ಮಾದಿಗರು ಏನನ್ನು ತುಂಬಿ ಕೊಡಬೇಕಿತ್ತು?

ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ಈ ವಿರೋಧ ಬಹಳ ಕಾಲ ಮುಂದುವರಿದರೆ, ನೊಂದವರೇ ಪ್ರಜಾಪ್ರಭುತ್ವದ ಕಟ್ಟಡವನ್ನು ಒಡೆದಾರು ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ನೊಂದವರು ಇಷ್ಟು ವರ್ಷ ಅದನ್ನು ಒಡೆಯಲಿಲ್ಲ. ಚುನಾವಣೆ ಬಂದಾಗಲೆಲ್ಲ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತರು. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಗುಡಿಸಲಿಗೆ ಬರುತ್ತಾರೆ. ಪ್ರಭುತ್ವ ಎಂಬುದು ಕೇರಿಗೆ ಬಹುಕಾಲ ಆ ವೇಷದಲ್ಲೇ ಬಂದಿದೆ. ಅಂಥ ಪ್ರಭುತ್ವವನ್ನು ಪ್ರೀತಿಸುತ್ತೀರಾ ಎಂದು ಕೇಳುವ ಸಮೀಕ್ಷೆ ಏನನ್ನು ಅಳೆಯುತ್ತದೆ?

ಇಂದು ಅನ್ನಭಾಗ್ಯ, ಗ್ಯಾರಂಟಿಗಳನ್ನು ‘ಬಿಟ್ಟಿ’ ಎಂದು ಹೀಗಳೆಯುವವರು ಒಂದು ಸತ್ಯವನ್ನು ಮುಚ್ಚಿಡುತ್ತಾರೆ. ಮನೆಯಲ್ಲಿ ತಿಂಗಳ ಅಕ್ಕಿ ಇದ್ದರೆ, ಕಡಿಮೆ ಕೂಲಿಗೆ ಬಾ ಅಂದಾಗ ‘ಒಲ್ಲೆ’ ಅನ್ನಬಹುದು. 2005ರ ಉದ್ಯೋಗ ಖಾತ್ರಿ ಕಾಯ್ದೆ ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ ಎಂದಾಗ ಧಣಿಗಳು ‘ಆಳು ಸಿಗವಲ್ರು’ ಎಂದು ಗೋಳಾಡಿದ್ದು ಇದಕ್ಕೇ. ಆದರೆ ಅಕ್ಕಿ ಭೂಮಿಯಾಗುವುದಿಲ್ಲ. ಹಕ್ಕೆಂದು ಬಾರದೆ ದಯೆಯೆಂದು ಬಂದ ಅಕ್ಕಿ ಇನ್ನೊಂದು ಹಂಗಾಗುತ್ತದೆ. ಧಣಿಯ ಹಂಗು ಹೋಗಿ ಪಕ್ಷದ ಹಂಗು ಬರುತ್ತದೆ.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿಗಳು ಪ್ರಜಾಪ್ರಭುತ್ವವನ್ನು ಅಳೆಯಬೇಕೆಂದರೆ ನೂರೆಂಟು ಪ್ರಶ್ನೆ ಬೇಕಾಗಿಲ್ಲ. ನಿಮ್ಮೂರಿನ ಕೇರಿಯಲ್ಲಿ ಒಂದನ್ನೇ ಕೇಳಿ: ಧಣಿ ಹೇಳಿದವರಿಗೆ ಓಟು ಹಾಕದಿದ್ದರೆ, ನಾಳೆ ಬೆಳಿಗ್ಗೆ ನಿಮ್ಮನ್ನ ಕೂಲಿಗೆ ಕರೀತಾರೇನು? ‘ಕರೀತಾರ’ ಎಂಬ ಉತ್ತರ ಎಷ್ಟು ಮನೆಗಳಿಂದ ಬರುತ್ತದೋ ಅಷ್ಟು ಮನೆಗಳಿಗೆ ಮಾತ್ರ ಪ್ರಜಾಪ್ರಭುತ್ವ ಬಂದಿದೆ. ಉಳಿದ ಮನೆಗಳಿಗೆ ಅದನ್ನು ಮುಟ್ಟಿಸಬೇಕಾದರೆ ಭಾಷಣ ಸಾಲದು. ಭೂಮಿ ಬೇಕು, ಕೂಲಿ ಬೇಕು, ಸಂಘಟನೆ ಬೇಕು.