ನದಿಯಿಲ್ಲದ ಸೀಮೆ ಎಂಬ ತಪ್ಪು ಪಾಠ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಭೂಗೋಳದ ಬಗ್ಗೆ ಸಿಗುವ ಬುದ್ಧಿಮಾತು ಎಲ್ಲ ಊರಲ್ಲೂ ಒಂದೇ: ‘ಅರ್ಥ ಮಾಡ್ಕೊಳ್ಳೋಕೆ ಅದ್ರಲ್ಲೇನಿದೆ, ಬಾಯಿಪಾಠ ಮಾಡು. ಮ್ಯಾಪ್ ಬಂದ್ರೆ ಅಂಕ ಗ್ಯಾರಂಟಿ.’ ಪಾಸಿಂಗ್ ಪ್ಯಾಕೇಜಿನಲ್ಲಂತೂ ನಕ್ಷೆಗೇ ಮೊದಲ ಮರ್ಯಾದೆ. ಪರೀಕ್ಷೆ ಹತ್ತಿರವಾಗುವಷ್ಟರಲ್ಲಿ ಮಕ್ಕಳು ಒಂದೇ ಎಳೆತಕ್ಕೆ ಭಾರತದ ರೇಖಾನಕ್ಷೆ ಬಿಡಿಸಿ, ಅಡ್ಡಕ್ಕೆ ಕರ್ಕಾಟಕ ಸಂಕ್ರಾಂತಿ ವೃತ್ತ, ಉದ್ದಕ್ಕೆ 82½ ಡಿಗ್ರಿ ರೇಖಾಂಶ ಹಾಕಿ, ಭಾಕ್ರಾ-ನಂಗಲ್, ಕಾಂಡ್ಲಾ, ರಾಣಿಗಂಜ್‌ಗಳಿಗೆ ಚುಕ್ಕೆ ಇಡುವಷ್ಟು ಪಳಗಿರುತ್ತಾರೆ. ಇಷ್ಟು ಬಂದರೆ ಭೂಗೋಳ ಬಂದಂತೆ ಎಂದು ಮೇಷ್ಟ್ರು, ಪೋಷಕರು, ಮಕ್ಕಳು ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ವಿಳಾಸ ಬಾಯಿಗೆ ಬಂದ ಮಾತ್ರಕ್ಕೆ ಊರು ಗೊತ್ತಾದ ಹಾಗಲ್ಲ.

ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯನ್ನೇ ನೋಡಿ. ‘ನಮ್ಮದು ನದಿಯಿಲ್ಲದ ಸೀಮೆ’ ಎಂಬುದು ಇಲ್ಲಿ ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಆಡುವ ಮಾತು. ಆದರೆ ಇದೇ ತಾಲ್ಲೂಕಿನ ತಳಗವಾರದ ಬಳಿ ಪಾಲಾರ್ ಹುಟ್ಟುತ್ತದೆ ಎಂದು ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. ಕೆಲವರು ಆ ನದಿಯ ಮೂಲವನ್ನು ನಂದಿಬೆಟ್ಟಕ್ಕೆ ಕಟ್ಟುತ್ತಾರೆ, ಅದೇನೂ ಪರದೇಶವಲ್ಲ. ಆ ನೀರು ಬೇತಮಂಗಲದ ಕೆರೆ ದಾಟಿ, ವೆಲ್ಲೂರಿನ ಮಗ್ಗುಲಲ್ಲಿ ಸಾಗಿ, ಒಟ್ಟು 348 ಕಿಲೋಮೀಟರ್ ಕ್ರಮಿಸಿ ಬಂಗಾಳ ಕೊಲ್ಲಿ ಸೇರಬೇಕು. ತಾಲ್ಲೂಕಿನ ಉತ್ತರದ ನೀರಿನ ದಾರಿಯೇ ಬೇರೆ: ಪಾಪಾಘ್ನಿ, ಅಲ್ಲಿಂದ ಪೆನ್ನಾರ್. 1892ರ ಮದ್ರಾಸ್–ಮೈಸೂರು ಒಪ್ಪಂದದ ನದಿಗಳ ಪಟ್ಟಿಯಲ್ಲಿ ಪಾಲಾರ್, ಪಾಪಾಘ್ನಿ ಎರಡೂ ಇವೆ. ಮೇಲಿನ ಮೈಸೂರಿನವರು ಹೊಸ ಜಲಾಶಯ ಕಟ್ಟಿದರೆ ಕೆಳಗಿನ ತಮ್ಮ ಪಾಲಿಗೆ ಕುತ್ತು ಎಂದು ಮದ್ರಾಸಿಗೆ ಅಂದೇ ಗೊತ್ತಿತ್ತು. ಗೊತ್ತಿಲ್ಲದಿರುವುದು ನಮಗೇ.

ಇದು ನದಿಯಿಲ್ಲದ ನೆಲವಲ್ಲ, ನದಿ ಹೊರಡುವ ನೆಲ. ನೀರು ಇಬ್ಭಾಗವಾಗುವ ನೆತ್ತಿಯ ಮೇಲೆ ದೊಡ್ಡ ಹೊಳೆ ಇರಲು ಸಾಧ್ಯವಿಲ್ಲ, ಅದಕ್ಕೆ ನೀರು ಕೂಡಿಬರಲು ಮೇಲೆ ಜಾಗವೇ ಇರುವುದಿಲ್ಲ. ಹಿಂದಿನವರು ಅದನ್ನರಿತೇ ಕೆರೆಗೆ ಕೆರೆ ಪೋಣಿಸಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಇಳಿಯುತ್ತಿತ್ತು, ತೂಬು ಎತ್ತಲು ನೀರುಗಂಟಿ ಇದ್ದ. ಈ ಭಾಗದಲ್ಲಿ ಪಾಲಾರ್ ಎಂದರೆ ಆ ಕೆರೆಗಳ ಸಾಲೇ. ನದಿಯೇ ಇಲ್ಲವೆಂದು ನಂಬಿದವನಿಗೆ ರಾಜಕಾಲುವೆಯ ಒತ್ತುವರಿ ಕಂದಾಯ ಇಲಾಖೆಯ ತಕರಾರಾಗಿ ಮಾತ್ರ ಕಾಣುತ್ತದೆ. ಎತ್ತಿನಹೊಳೆ ಯೋಜನೆಯ ನೀರು ಬರಲಿ, ಎಚ್.ಎನ್. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರೂ ಬರಲಿ; ಬಂದ ನೀರು ಇಳಿಯಬೇಕಾದದ್ದು ಈ ಕಾಲುವೆಗಳಲ್ಲೇ ಅಲ್ಲವೇ?

ತಪ್ಪು ಪಠ್ಯಪುಸ್ತಕದ್ದು ಎನ್ನುವವರಿದ್ದಾರೆ: ‘ಅದರಲ್ಲಿ ನಮ್ಮ ಜಿಲ್ಲೆಯೇ ಇಲ್ಲ, ಒಂದು ಪಾಠ ಸೇರಿಸಿ’ ಎಂದು. ಇದೂ ನನಗೆ ಒಪ್ಪಿಗೆಯಿಲ್ಲ. ಸೇರಿಸಿದರೆ ಉರು ಹೊಡೆಯಲು ಇನ್ನಷ್ಟು ಹೆಸರು ಸಿಕ್ಕಾವು, ಅಷ್ಟೇ. ಹತ್ತನೇ ತರಗತಿಯಲ್ಲಿ ಮಣ್ಣು, ಮಾನ್ಸೂನ್, ಜಲಸಂಪನ್ಮೂಲ, ಭೂಬಳಕೆ ಎಲ್ಲ ಪಾಠಗಳೂ ಇವೆ. ಅಂಬಾಜಿದುರ್ಗದ ಕೆಂಪು ಮಣ್ಣು, ರಾಗಿ ಹೊಲ, ಹಿಪ್ಪುನೇರಳೆ ತೋಟ, ಕೊಳವೆಬಾವಿ ಎಲ್ಲವನ್ನೂ ಅರಿಯಲು ಅಷ್ಟು ಸಾಕು. ಕೆಟ್ಟಿರುವುದು ಪ್ರಶ್ನೆಪತ್ರಿಕೆ. ಅದು ‘ಎಲ್ಲಿದೆ’ ಎಂದು ಕೇಳುತ್ತದೆ, ‘ಅಲ್ಲೇ ಏಕಿದೆ’ ಎಂದು ಒತ್ತಿ ಕೇಳುವುದಿಲ್ಲ. ಪರೀಕ್ಷೆ ಕೇಳದ್ದನ್ನು ಮಾರ್ಚ್ ತಿಂಗಳ ಭಯದಲ್ಲಿ ಯಾವ ಮೇಷ್ಟ್ರು ಕಲಿಸಿಯಾರು?

ಬೇರೆ ಥರ ಕೇಳಿದರೆ ಹಳ್ಳಿ ಮಕ್ಕಳಿಗೆ ಕಷ್ಟ ಎಂಬ ಅನುಕಂಪದ ಮಾತಿದೆಯಲ್ಲ, ನನಗೆ ಹೆಚ್ಚು ಸಿಟ್ಟು ಬರುವುದು ಅದರ ಮೇಲೆ. ಐಸಿಎಸ್‌ಇಯ ಹತ್ತನೇ ತರಗತಿಯವರು ನೆಲದ ಏರುತಗ್ಗು ತೋರಿಸುವ ಸರ್ವೇ ಆಫ್ ಇಂಡಿಯಾದ ಟೋಪೋಶೀಟ್ ಮುಂದಿಟ್ಟುಕೊಂಡು ಉತ್ತರ ಬರೆಯುತ್ತಾರೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ಹಳ್ಳ ಇರುವಲ್ಲಿ ಅವು ಮೇಲ್ಮುಖವಾಗಿ ಬಾಗುತ್ತವೆ ಎಂದು ಓದಬಲ್ಲರು. ಅವರ ವಯಸ್ಸೂ ಹದಿನೈದು, ಹದಿನಾರೇ. ಬೆಟ್ಟ ಹತ್ತಿ ದನ ಮೇಯಿಸಿದ ಹುಡುಗನಿಗೆ ಇದು ಅವರಿಗಿಂತ ಬೇಗ ಹತ್ತೀತು. ಖರ್ಚಿನ ನೆಪವೂ ಇಲ್ಲ. 2 ಸೆಂಟಿಮೀಟರಿಗೆ 1 ಕಿಲೋಮೀಟರ್ ಅಳತೆಯ ಹಾಳೆಗಳನ್ನು ಸರ್ವೇ ಇಲಾಖೆ 2017ರಲ್ಲೇ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಕೊಡಲು ಶುರುಮಾಡಿತು, ಆಗ ಆ ತಾಣಕ್ಕಿಟ್ಟ ಹೆಸರೇ ‘ನಕ್ಷೆ’.

ಶಾಲೆಗಳ ಕೈಯಲ್ಲಿ 20 ಆಂತರಿಕ ಅಂಕಗಳಿವೆ. ಅದರಲ್ಲಿ ಒಂದಿಷ್ಟನ್ನು ಊರಿನ ಕೆರೆಯಿಂದ ಮುಂದಿನ ಕೆರೆಯವರೆಗೆ ಕಾಲುವೆ ಗುಂಟ ನಡೆದು ನಕ್ಷೆ ಬರೆದವರಿಗೆ ಕೊಡಲಿ. ಪರೀಕ್ಷಾ ಮಂಡಳಿ 80 ಅಂಕಗಳ ಪತ್ರಿಕೆಯಲ್ಲಿ ಒಂದು ತುಣುಕು ಟೋಪೋಶೀಟ್ ಮುದ್ರಿಸಿ, ಈ ಕೆರೆ ಕೋಡಿ ಬಿದ್ದರೆ ನೀರು ಯಾವ ಕಡೆ ಹೋಗುತ್ತದೆ, ಏಕೆ ಎಂದು ಕೇಳಲಿ. ಭಾರತದ ರೇಖಾನಕ್ಷೆ ಬೇಕಿದ್ದರೆ ಅದರ ಪಕ್ಕದಲ್ಲೇ ಇರಲಿ.