ನೆಲ ಡೊಂಕು ಅಂದವಳ ಮಾತು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾವೆಲ್ಲ ನಗುತ್ತಲೇ ಕಲಿತವರು, ನಗುತ್ತಲೇ ಮಕ್ಕಳಿಗೂ ಹೇಳಿಕೊಟ್ಟವರು. ಆದರೆ ಗಾದೆ ಕಟ್ಟಿದವರು ಯಾರು, ನಕ್ಕವರು ಯಾರು ಅಂತ ಕೇಳೋದೂ ವಿಮರ್ಶೆಯ ಕೆಲಸವೇ. ಅವಳು ತೋರಿಸಿದ ನೆಲವನ್ನು ಒಬ್ಬನಾದರೂ ಬಗ್ಗಿ ನೋಡಿದನೆ? ನಗುವವರು ಗಾಲಿಕುರ್ಚಿಯಲ್ಲಿ ಕೂತು ಶಿವಾಜಿನಗರದ ಬಸ್ ನಿಲ್ದಾಣದಿಂದ ರಸಲ್ ಮಾರ್ಕೆಟ್ಟಿನ ತನಕ ಒಂದು ಸಲ ಹೋಗಿ ಬರಲಿ. ನೆಲ ಡೊಂಕಾಗಿಯೇ ಇದೆ. ಡೊಂಕು ಮಾಡಿದವರು ಇದ್ದಾರೆ. ಅವಳಿಗೆ ಕುಣಿಯೋಕೆ ಬರೋಲ್ಲ ಅಂತ ತೀರ್ಪು ಕೊಟ್ಟವರೂ ಅವರೇ.

ಹೊಲಗೇರಿಯಲ್ಲಿ ಹುಟ್ಟಿದವನಿಗೆ ಈ ದೇಶ ಕೊಟ್ಟ ಉತ್ತರ, ಕಾಲು ಬಾರದವನಿಗೆ ಕೊಟ್ಟ ಉತ್ತರ ಎರಡೂ ಒಂದೇ: ಹಿಂದಿನ ಜನ್ಮದ ಪಾಪ, ಅನುಭವಿಸು. ಇದನ್ನು ಅಜ್ಜಿಯರ ಬಾಯಿಮಾತು ಅಂತ ತಳ್ಳಿಹಾಕುವಂತಿಲ್ಲ. ಪಾಪದ ಉಳಿಕೆಯಿಂದಲೇ ಕುರುಡರು, ಕಿವುಡರು, ಮೂಗರು ಹುಟ್ಟುತ್ತಾರೆ ಎಂದು ಮನುಸ್ಮೃತಿಯ ಹನ್ನೊಂದನೇ ಅಧ್ಯಾಯ ಹೇಳುತ್ತದೆ. ಹುಟ್ಟುಕುರುಡರಿಗೆ, ಹುಟ್ಟುಕಿವುಡರಿಗೆ ಆಸ್ತಿಯಲ್ಲಿ ಪಾಲಿಲ್ಲ ಎಂದು ಒಂಬತ್ತನೇ ಅಧ್ಯಾಯ ಹೇಳುತ್ತದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟದ್ದು ಇದೇ ಪುಸ್ತಕವನ್ನು. 1928ರಲ್ಲಿ ಬಂದ ಕಾನೂನು ಅಂಗದ ಊನ ತೋರಿಸಿ ಪಾಲು ತಪ್ಪಿಸುವುದನ್ನು ನಿಲ್ಲಿಸಿತಾದರೂ, ಹುಟ್ಟಿನಿಂದ ಬುದ್ಧಿಮಾಂದ್ಯರಾದವರನ್ನು ಹೊರಗೇ ಇಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲಷ್ಟೇ ಅವರಿಗೂ ಪಾಲು ಬಂತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಮಹಾಡಿನ ಬೆಂಕಿಯಲ್ಲಿ ಇವರ ಸಂಕೋಲೆಯೂ ಬೆಂದಿತು ಎಂದಷ್ಟೇ ಹೇಳುತ್ತೇವೆ.

ಹೆಸರಿನ ರಾಜಕೀಯ ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ‘ಹರಿಜನ’ ಅಂತ ಕರೆದು ದೇವರ ಮಕ್ಕಳನ್ನಾಗಿ ಮಾಡಿದರು, ದೇವಸ್ಥಾನದ ಬಾಗಿಲು ಮಾತ್ರ ತೆಗೆಯಲಿಲ್ಲ. ಆ ಹೆಸರನ್ನು ಬಿಸಾಕಿ ‘ದಲಿತ’ ಎಂದು ನಮಗೆ ನಾವೇ ಹೆಸರಿಟ್ಟುಕೊಂಡೆವು. 2015ರ ಡಿಸೆಂಬರಿನಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ಇನ್ನೊಂದು ಹೆಸರು ಹಂಚಿದರು: ದಿವ್ಯಾಂಗ. ಅಂಗ ದಿವ್ಯವಾಯಿತು, ಆಫೀಸಿನ ಮೆಟ್ಟಿಲು ಹಾಗೇ ಉಳಿಯಿತು. ನಮ್ಮ ರಾಜ್ಯದ ಇಲಾಖೆಯ ಬೋರ್ಡಿನಲ್ಲಿರುವ ‘ವಿಕಲಚೇತನ’ ಎಂಬ ಪದವನ್ನಾದರೂ ಬಿಡಿಸಿ ನೋಡಿ. ‘ಅಂಗವಿಕಲ’ ಅಂದಾಗ ಊನ ಅಂಗಕ್ಕೆ ಮಾತ್ರ ಇತ್ತು. ಗೌರವ ಕೊಡುವ ಆತುರದಲ್ಲಿ ಪಂಡಿತರು ಆ ಊನವನ್ನು ಚೇತನಕ್ಕೇ ಅಂಟಿಸಿಬಿಟ್ಟರು! ತಮ್ಮನ್ನು ಏನಂತ ಕರೆಯಬೇಕೆಂದು ಆ ಜನರನ್ನೇ ಕೇಳಿದ್ದರೆ ಈ ಅವಾಂತರ ಆಗುತ್ತಿರಲಿಲ್ಲ. ನಮ್ಮನ್ನು ಹೊರಗಿಟ್ಟು ನಮ್ಮ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ ಅನ್ನೋದು ಜಗತ್ತಿನ ಅಂಗವಿಕಲರ ಚಳವಳಿಯ ಘೋಷಣೆ. ದಲಿತ ಚಳವಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬಂಡಾಯದ ಭಾಷೆಯ ಮಾತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗಿನಿಂದ ವೇದಿಕೆಯ ಮೇಲೆ ಗುಡುಗುತ್ತಿರುವ ಬೈಗುಳಗಳನ್ನು ಪಟ್ಟಿ ಮಾಡಿ ನೋಡಿ: ಕುರುಡು ಸಮಾಜ, ಕಿವುಡು ಸರಕಾರ, ಹೆಳವ ವ್ಯವಸ್ಥೆ, ಮೂಕ ಜನತೆ. ಜಾತಿಯ ಹೆಸರನ್ನು ಬೈಗುಳ ಮಾಡಿದವರ ಕತ್ತಿನ ಪಟ್ಟಿ ಹಿಡಿದ ಸಾಹಿತ್ಯವೇ ಇನ್ನೊಬ್ಬರ ದೇಹವನ್ನು ಬೈಗುಳ ಮಾಡಿಕೊಂಡರೆ ಹೇಗೆ? ಸರಕಾರಕ್ಕೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಕೇಳಿಸಿಯೂ ಸುಮ್ಮನಿರುವುದು ಅದರ ವರ್ಗಗುಣ. ಅದನ್ನು ಕಿವುಡು ಅನ್ನೋದರಿಂದ ಕಿವುಡರಿಗೆ ಅವಮಾನ, ಸರಕಾರಕ್ಕೆ ವಿನಾಯಿತಿ.

ಬೆಂಗಳೂರಿನ ದಂಡಿನ ಕಡೆಗೆ ಬನ್ನಿ. ಲಿಂಗರಾಜಪುರದಲ್ಲಿ ಒಂದು ಸಂಸ್ಥೆಯಿದೆ. 1959ರಲ್ಲಿ, ಈ ವಿಷಯದಲ್ಲಿ ದೇಶದಲ್ಲಿ ಯಾವ ಕಾಯಿದೆಯೂ ಇಲ್ಲದಿದ್ದ ಕಾಲದಲ್ಲಿ, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ ಅವರು ಮುಂದೆ ನಿಂತು ಕಟ್ಟಿದ್ದು. ಮೊದಲು ಅದರ ಹೆಸರಿನಲ್ಲಿ ‘ಫಿಸಿಕಲಿ ಹ್ಯಾಂಡಿಕ್ಯಾಪ್ಡ್’ ಎಂದಿತ್ತು. ಈಗ ಅದು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ. ಮೊದಲು ಜನ, ಆಮೇಲೆ ಅಂಗವೈಕಲ್ಯ. ಶಾಲೆ, ಕಸುಬಿನ ತರಬೇತಿ, ಜೀವನ್ ಬಿಮಾ ನಗರದಲ್ಲಿ ತೋಟಗಾರಿಕೆಯ ಕಲಿಕೆ ಎಂದು ಅದರ ಕೆಲಸ ಬೆಳೆದಿದೆ. ಇಂಥ ಸಂಸ್ಥೆಗಳನ್ನೂ ನಾವು ವಿಮರ್ಶೆಯ ಕಣ್ಣಿಂದಲೇ ನೋಡಬೇಕು: ದಾನಿಗಳ ದುಡ್ಡಿನ ಮೇಲೆ ನಿಂತದ್ದು ಸರಕಾರದ ಹೊಣೆಯನ್ನು ಎಷ್ಟು ದಿನ ಹೊರಬೇಕು? ಆದರೂ ಒಂದು ಪಾಠವಂತೂ ಇದೆ. ಕರುಣೆಗೆ ಕಾದು ಕೂರದೆ, ನೋವುಂಡವರೇ ಮುಂದಾಳಾದರು.

ನಮ್ಮ ಮೆಟ್ರೋ ರೈಲು ಮೊದಲು ಓಡಿದ್ದೂ ಈ ಪೂರ್ವ ಭಾಗದಲ್ಲೇ: 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. 2023ರಲ್ಲಿ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್ ಮುಟ್ಟಿತು. ಹಲಸೂರು, ಇಂದಿರಾನಗರ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಕಣ್ಣು ಕಾಣದವರ ಕೋಲಿಗೆ ದಾರಿ ತೋರುವ ಉಬ್ಬುಕಲ್ಲುಗಳಿವೆ. ಮನಸ್ಸು ಮಾಡಿದರೆ ನೆಲ ನೆಟ್ಟಗಾಗುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಲಿಫ್ಟ್ ಇಳಿದು ಹೊರಗೆ ಬಂದ ಕೂಡಲೇ ಮೊಣಕಾಲೆತ್ತರದ ಫುಟ್‌ಪಾತು, ಅದರ ಮೇಲೆ ಟ್ರಾನ್ಸ್‌ಫಾರ್ಮರು, ಸ್ಕೂಟರು. ಮುಂದೆ ಕೇರಿಯ ತನಕ ಹೋಗೋದು ಹೇಗೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಒಳ್ಳೆಯದೇ ಆಯಿತು. ಆದರೆ ಊರುಗೋಲು ಹಿಡಿದ ಗಾರ್ಮೆಂಟ್ಸ್ ಹುಡುಗಿಗೆ ಟಿಕೆಟ್ಟು ಪುಕ್ಕಟೆಯಾದರೇನು, ಹತ್ತೋಕೆ ಆಗದಷ್ಟು ಎತ್ತರದ ಮೆಟ್ಟಿಲಿದ್ದರೆ? 2024ರ ನವೆಂಬರ್ 8ರಂದು ರಾಜೀವ್ ರತೂರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಇಂಥ ಅನುಕೂಲಗಳ ನಿಯಮಗಳು ಬರಿಯ ಸಲಹೆಯಾಗಿರಕೂಡದು, ಕಡ್ಡಾಯವಾಗಬೇಕು ಎಂದು ಹೇಳಿದೆ.

ಇದು ದಲಿತರ ಪ್ರಶ್ನೆ ಹೇಗಾಯಿತು ಎಂದು ಕೇಳುವವರು 2011ರ ಜನಗಣತಿ ನೋಡಲಿ. ದೇಶದಲ್ಲಿ ಅಂಗವಿಕಲರು 2.68 ಕೋಟಿ, ಅಂದರೆ ನೂರಕ್ಕೆ 2.21. ಪರಿಶಿಷ್ಟ ಜಾತಿಗಳಲ್ಲಿ ಅದು 2.45. ಬಡವರ ಮೈಯನ್ನು ಕೆಲಸವೂ ಕಾಯಿಲೆಯೂ ಮೊದಲು ತಿನ್ನುತ್ತವೆ. ಇನ್ನೂ ಘೋರವಾದದ್ದು ಪಟಾನ್ ಜಮಾಲ್ ವಲಿ ಮೊಕದ್ದಮೆ. ಆಂಧ್ರದ ಒಬ್ಬ ಹುಟ್ಟುಕುರುಡಿ ದಲಿತ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆಯಿತು. ಜಾತಿ, ಹೆಣ್ತನ, ಅಂಗವೈಕಲ್ಯ ಮೂರೂ ಒಂದೇ ದೇಹದ ಮೇಲೆ ಹೇಗೆ ಹೆಣೆದುಕೊಂಡು ಎರಗುತ್ತವೆಂದು ಸುಪ್ರೀಂ ಕೋರ್ಟು 2021ರಲ್ಲಿ ವಿವರವಾಗಿ ಬರೆಯಿತು. ಅತ್ಯಾಚಾರಕ್ಕೆ ಕೊಟ್ಟ ಜೀವಾವಧಿ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಆದರೆ ಜಾತಿಯ ಕಾರಣಕ್ಕೇ ಕೃತ್ಯ ನಡೆಯಿತೆಂಬುದಕ್ಕೆ ಪುರಾವೆ ಸಾಲದೆಂದು ದೌರ್ಜನ್ಯ ಕಾಯಿದೆಯ ಶಿಕ್ಷೆಯನ್ನು ತೆಗೆದುಹಾಕಿತು. ಮೂರೂ ಹಗ್ಗದಿಂದ ಬಿಗಿದವಳು, ಯಾವ ಹಗ್ಗ ಎಷ್ಟು ಬಿಗಿಯಿತೆಂದು ಬೇರೆ ಬೇರೆಯಾಗಿ ರುಜುವಾತು ಮಾಡಬೇಕು!

ಹಾಗಾದರೆ ಮಾಡಬೇಕಾದ್ದೇನು? ಡಿಸೆಂಬರ್ 3ರಂದು ಶಾಲು, ಹಣ್ಣು, ಒಂದು ತ್ರಿಚಕ್ರ ಸೈಕಲ್ಲು, ನಾಲ್ಕು ಫೋಟೋ. ಈ ಜಾತ್ರೆ ಸಾಕು. ಸರಕಾರ ಕೊಟ್ಟ 2016ರ ಕಾಯಿದೆಯನ್ನು ಕೈಗೆತ್ತಿಕೊಳ್ಳೋಣ. ಅದರ 37ನೇ ಕಲಮಿನ ಪ್ರಕಾರ ಕೃಷಿ ಜಮೀನು ಮತ್ತು ಮನೆಗಳ ಹಂಚಿಕೆಯಲ್ಲಿ, ಬಡತನ ನೀಗುವ ಯೋಜನೆಗಳಲ್ಲಿ ಅಂಗವಿಕಲರಿಗೆ ನೂರಕ್ಕೆ 5ರ ಪಾಲು, ಹೆಂಗಸರಿಗೆ ಮೊದಲ ಆದ್ಯತೆ. ಭೂಮಿಗಾಗಿ ಹೋರಾಡಿದ ಚಳವಳಿ ಇದನ್ನು ಗ್ರಾಮಸಭೆಯಲ್ಲಿ ಎತ್ತದೆ ಇನ್ಯಾರು ಎತ್ತಬೇಕು? 31ನೇ ಕಲಮು 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಪುಕ್ಕಟೆ ಓದಿನ ಹಕ್ಕು ಕೊಟ್ಟಿದೆ. ಹಳ್ಳಿಯ ಮೇಷ್ಟ್ರುಗಳೇ, ‘ಇವನಿಗೆ ವಿಶೇಷ ಶಾಲೆಯೇ ಸರಿ’ ಎಂದು ಬಾಗಿಲಿಂದಲೇ ಕಳಿಸುವ ಅಧಿಕಾರ ಯಾರಿಗೂ ಇಲ್ಲ. 92ನೇ ಕಲಮಿನಂತೆ ಹತ್ತು ಜನರ ಎದುರು ಅಂಗವಿಕಲರನ್ನು ಬೇಕೆಂದೇ ಹೀಗಳೆದರೆ ಆರು ತಿಂಗಳಿಂದ ಐದು ವರ್ಷದ ತನಕ ಜೈಲು. ಅದರ ಮಾತುಗಳನ್ನು ಓದಿ ನೋಡಿ, 1989ರ ದೌರ್ಜನ್ಯ ಕಾಯಿದೆಯ ಅಚ್ಚಿನಲ್ಲೇ ಎರಕ ಹೊಯ್ದಂತಿದೆ. ನಮ್ಮ ಹೋರಾಟ ಅವರಿಗೆ ಆಯುಧವಾಗಿದೆ, ಅದನ್ನು ಬಳಸುವ ಪಾಠವನ್ನೂ ಹೇಳಿಕೊಡೋಣ.

ಇದೆಲ್ಲಕ್ಕೂ ಮೊದಲು ಸಂಘಟನೆಯ ಮನೆಯೊಳಗಿನ ಕೆಲಸವಿದೆ. ಸಭೆ ಎರಡನೇ ಮಹಡಿಯಲ್ಲಿದ್ದರೆ ಕೆಳಗಿಳಿಸಿ. ಕಿವಿ ಕೇಳದವರು ಬಂದರೆ ಸನ್ನೆಭಾಷೆ ಬಲ್ಲವರನ್ನು ಕರೆಸಿ. ಅವರ ಪರವಾಗಿ ಮಾತಾಡುವ ಚಪಲ ಬಿಟ್ಟು, ಅಧ್ಯಕ್ಷತೆಯನ್ನೇ ಅವರಿಗೆ ಕೊಡಿ. ಕೇರಿಗೆ ಬಂದು ‘ಪಾಪ’ ಅಂದವರನ್ನು ನಾವು ಯಾವತ್ತೂ ಗೆಳೆಯರೆಂದು ಒಪ್ಪಲಿಲ್ಲ, ಜತೆಗೆ ಕೂತು ಉಂಡವರನ್ನು ಒಪ್ಪಿದೆವು. ಅಂಗವಿಕಲರೂ ನಮ್ಮನ್ನು ಅದೇ ತಕ್ಕಡಿಯಲ್ಲಿ ತೂಗುತ್ತಾರೆ.